ಸ್ಟುಡಿಯೋದಲ್ಲಿ ಕ್ಯಾಮೆರಾ–ಕಂಪ್ಯೂಟರ್ ಕನೆಕ್ಷನ್ ಕೈಕೊಟ್ಟರೆ: ಟೆದರಿಂಗ್ ಸಮಸ್ಯೆ ಹುಡುಕಿ ಸರಿಮಾಡುವ ಸಮಗ್ರ ಮಾರ್ಗದರ್ಶಿ

ಇಳಕಲ್ ಸೀರೆಯ ಕೆಂಪು ಸೆರಗನ್ನು ಫೋಟೋದಲ್ಲಿ ಇದ್ದ ಹಾಗೇ ತರೋದು ಕಷ್ಟದ ಕೆಲಸ. ಕ್ಯಾಮೆರಾ ಹಿಂದಿನ 3 ಇಂಚಿನ ಪರದೆಯಲ್ಲಿ ಚೆನ್ನಾಗೇ ಕಾಣುತ್ತದೆ. ಮನೆಗೆ ಹೋಗಿ ಕಂಪ್ಯೂಟರ್‌ನಲ್ಲಿ ತೆರೆದರೆ ನೇಯ್ಗೆ ಎಲ್ಲ ಕರಗಿ ಬರೀ ಕೆಂಪು ಮುದ್ದೆ ಆಗಿರುತ್ತದೆ. ಅಷ್ಟೊತ್ತಿಗೆ ಸೀರೆ ವಾಪಸ್ ಅಂಗಡಿ ಸೇರಿರುತ್ತದೆ. ಅದಕ್ಕೇ ಹುಬ್ಬಳ್ಳಿಯ ನನ್ನ ಸ್ಟುಡಿಯೋದಲ್ಲಿ ಸೀರೆ, ಖಣ, ಕಸೂತಿ, ಬ್ಯಾಡಗಿ ಮೆಣಸಿನಕಾಯಿ ಪ್ಯಾಕೆಟ್, ಏನೇ ಇರಲಿ, ಕ್ಯಾಮೆರಾಕ್ಕೆ ಕೇಬಲ್ ಹಾಕಿ ಕಂಪ್ಯೂಟರ್‌ಗೆ ಜೋಡಿಸಿಯೇ ತೆಗೆಯುತ್ತೇನೆ. ಕ್ಲಿಕ್ ಮಾಡಿದ ಎರಡು ಸೆಕೆಂಡಿಗೆ ಫೋಟೋ ದೊಡ್ಡ ಪರದೆಯಲ್ಲಿ ಬರುತ್ತದೆ. ಸೀರೆ ತಂದವರೂ ಪಕ್ಕದಲ್ಲೇ ಕೂತು ಬಣ್ಣ ನೋಡುತ್ತಾರೆ. ಇದಕ್ಕೇ ಟೆದರಿಂಗ್ ಅನ್ನೋದು.

ಸರಿ ಇದ್ದಾಗ ಇದರಂಥ ಸುಖ ಇಲ್ಲ. ಕೆಟ್ಟಾಗ ಮಾತ್ರ ಇಡೀ ದಿನ ಹಾಳು. ಒಮ್ಮೆ ದೀಪಾವಳಿಗೆ ಮುಂಚೆ ಬೆಟಗೇರಿ ಕಡೆಯ ವ್ಯಾಪಾರಿಯೊಬ್ಬರು 60 ಸೀರೆ ತಂದಿದ್ದರು. ಬೆಳಿಗ್ಗೆ ಎಲ್ಲ ಚೆನ್ನಾಗಿತ್ತು. ಮಧ್ಯಾಹ್ನ ಸೆರಗಿನ ಫೋಟೋ ಶುರು ಮಾಡಿದ ಮೇಲೆ ನಾಲ್ಕೈದು ಕ್ಲಿಕ್‌ಗೊಮ್ಮೆ ಕನೆಕ್ಷನ್ ಹೋಗತೊಡಗಿತು. ‘ಯಾಕ್ರಿ ಸರ, ಫೋಟೋ ಬರವಲ್ದಲ್ರಿ?’ ಅಂತ ಅವರು ಪರದೆ ನೋಡುತ್ತಲೇ ಕೇಳಿದರು. ನಾನು ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದೆ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದೆ, ಕ್ಯಾಮೆರಾದ ಸೆಟ್ಟಿಂಗ್ ಎಲ್ಲ ರೀಸೆಟ್ ಮಾಡಿದೆ. ಒಂದೂವರೆ ಗಂಟೆ ಹೋಯಿತು. ಕೊನೆಗೆ ಲೈಟ್ ಹಿಡಿದು ನಿಂತಿದ್ದ ಹುಡುಗ ಕಂಡುಹಿಡಿದ. ಉದ್ದನೆಯ ಫೋಟೋಗೆ ಅಂತ ಕ್ಯಾಮೆರಾ ಅಡ್ಡ ತಿರುಗಿಸಿದಾಗಲೆಲ್ಲ ಕೇಬಲ್ ಜೋತು ಬೀಳುತ್ತಿತ್ತು. ಅದರ ಭಾರಕ್ಕೆ ಪ್ಲಗ್ ಅಕ್ಕಿಕಾಳಿನಷ್ಟು ಹೊರಗೆ ಬರುತ್ತಿತ್ತು. ಅಷ್ಟೇ!

ಅವತ್ತಿನಿಂದ ನಾನು ಒಂದು ಕ್ರಮ ಬಿಡದೆ ಪಾಲಿಸುತ್ತೇನೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ಕೇಬಲ್‌ನಿಂದ ಶುರು ಮಾಡಿ ಸಾಫ್ಟ್‌ವೇರ್ ಕಡೆಗೆ. ಐದು ವಿಷಯ ಒಟ್ಟಿಗೆ ಬದಲಿಸಿದರೆ ಸರಿ ಹೋದರೂ ಯಾಕೆ ಸರಿ ಹೋಯಿತು ಅಂತ ಗೊತ್ತಾಗಲ್ಲ. ನಾಳೆ ಮತ್ತೆ ಅದೇ ತೊಂದರೆ ಬರುತ್ತದೆ.

ಮೊದಲು ಕೆಲಸ ನಿಲ್ಲದಂತೆ ನೋಡಿಕೊಳ್ಳಿ

ರಿಪೇರಿಗೆ ಕೂರುವ ಮುಂಚೆ ಕ್ಯಾಮೆರಾದಲ್ಲಿ ಮೆಮೊರಿ ಕಾರ್ಡ್ ಇದೆಯಾ ನೋಡಿ. ಫೋಟೋ ಕಂಪ್ಯೂಟರ್‌ಗೂ ಕಾರ್ಡ್‌ಗೂ ಎರಡೂ ಕಡೆ ಸೇವ್ ಆಗುವ ಹಾಗೆ ಇಡಿ. ಕ್ಯಾನನ್ ಕಂಪನಿಯ ಕಂಪ್ಯೂಟರ್ ಸಾಫ್ಟ್‌ವೇರ್ ಇಒಎಸ್ ಯುಟಿಲಿಟಿಯಲ್ಲಿ ಈ ಆಯ್ಕೆ ಇದೆ. ಸೋನಿಯಲ್ಲಿ ಪಿಸಿ ರಿಮೋಟ್ ಸೆಟ್ಟಿಂಗ್ ಒಳಗೆ ‘ಪಿಸಿ+ಕ್ಯಾಮೆರಾ’ ಅಂತ ಇರುತ್ತದೆ. ‘ಪಿಸಿ ಓನ್ಲಿ’ ಇಟ್ಟು ಕೆಲಸ ಮಾಡೋದು ನನ್ನ ಪ್ರಕಾರ ದೊಡ್ಡ ತಪ್ಪು. ಕೇಬಲ್ ನಡುವೆ ಕೈಕೊಟ್ಟರೆ ಆ ಫೋಟೋ ಕಾರ್ಡ್‌ನಲ್ಲೂ ಇರಲ್ಲ.

ಕಾರ್ಡ್ ಇದ್ದರೆ ಗ್ರಾಹಕರನ್ನು ಕಾಯಿಸದೆ ಕೆಲಸ ಮುಂದುವರಿಸಬಹುದು. ನಾಲ್ಕು ಸೀರೆಗೊಮ್ಮೆ ಕಾರ್ಡ್ ತೆಗೆದು ಕಂಪ್ಯೂಟರ್‌ನಲ್ಲಿ ತೋರಿಸಿ. ಊಟದ ಹೊತ್ತಿಗೆ ಕನೆಕ್ಷನ್ ಕೆಲಸ ನೋಡಿಕೊಳ್ಳಿ.

ಕಂಪ್ಯೂಟರ್‌ಗೆ ಕ್ಯಾಮೆರಾ ಕಾಣ್ತಿದೆಯಾ?

ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ಫೋಟೋ ತರಿಸಿಕೊಂಡು ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮ್ ತೆರೆದಿದ್ದರೆ ಮುಚ್ಚಿ. ಅಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಕ್ಯಾಪ್ಚರ್ ಒನ್ ಇದ್ದರೆ ಅದನ್ನೂ ಮುಚ್ಚಿ. ಕ್ಯಾಮೆರಾ ಆಫ್ ಮಾಡಿ, ಕೇಬಲ್ ಹಾಕಿ, ಆಮೇಲೆ ಆನ್ ಮಾಡಿ. ವಿಂಡೋಸ್‌ನಲ್ಲಿ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ‘ಪೋರ್ಟಬಲ್ ಡಿವೈಸಸ್’ ಕೆಳಗೆ ಕ್ಯಾಮೆರಾ ಹೆಸರು ಬರಬೇಕು. ಕೆಲವು ಕ್ಯಾಮೆರಾ ‘ಇಮೇಜಿಂಗ್ ಡಿವೈಸಸ್’ ಕೆಳಗೆ ಬರಬಹುದು. ಮ್ಯಾಕ್ ಆದರೆ ‘ಇಮೇಜ್ ಕ್ಯಾಪ್ಚರ್’ ಪ್ರೋಗ್ರಾಂನಲ್ಲಿ ನೋಡಿ.

ಹೆಸರು ಬರಲೇ ಇಲ್ಲ ಅಂದರೆ ತೊಂದರೆ ಕೇಬಲ್, ಪೋರ್ಟ್, ಕರೆಂಟ್ ಅಥವಾ ಕ್ಯಾಮೆರಾ ಮೆನುವಿನಲ್ಲಿದೆ. ಸಾಫ್ಟ್‌ವೇರ್ ಮುಟ್ಟಲೇಬೇಡಿ. ಹೆಸರು ಬಂದಿದೆ, ಆದರೆ ಲೈಟ್‌ರೂಮ್ ‘ನೋ ಕ್ಯಾಮೆರಾ ಡಿಟೆಕ್ಟೆಡ್’ ಅನ್ನುತ್ತಿದೆ ಅಂದರೆ ಮೊದಲು ಸಾಫ್ಟ್‌ವೇರ್ ಕಡೆ ನೋಡಿ. ಹೆಸರು ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ ಅಂದರೆ ಸಡಿಲ ಪ್ಲಗ್, ಜಾಸ್ತಿ ಉದ್ದದ ಕೇಬಲ್ ಅಥವಾ ಕಂಪ್ಯೂಟರ್‌ನ ಪವರ್ ಉಳಿತಾಯದ ಸೆಟ್ಟಿಂಗ್. ಈ ಒಂದು ನಿಮಿಷದ ಪರೀಕ್ಷೆಯಲ್ಲೇ ಅರ್ಧ ಉತ್ತರ ಸಿಗುತ್ತದೆ.

ವಿಂಡೋಸ್‌ನಲ್ಲಿ ಹೆಸರಿನ ಪಕ್ಕ ಹಳದಿ ಗುರುತು ಇದ್ದರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ‘ಅನ್‌ಇನ್‌ಸ್ಟಾಲ್ ಡಿವೈಸ್’ ಕೊಡಿ. ಕೇಬಲ್ ತೆಗೆದು, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಮತ್ತೆ ಹಾಕಿ. ಡ್ರೈವರ್ ತಾನೇ ಕೂರುತ್ತದೆ. ಇನ್ನೊಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. ವಿಂಡೋಸ್‌ನಲ್ಲಿ ‘ಎನ್’ ಅಂತ ಕೊನೆಗೆ ಬರುವ ಒಂದು ಆವೃತ್ತಿ ಇದೆ. ಅದರಲ್ಲಿ ಕ್ಯಾಮೆರಾ, ಫೋನ್ ಗುರುತಿಸಲು ಬೇಕಾದ ಭಾಗವೇ ಇರಲ್ಲ. ಅಸೆಂಬಲ್ ಮಾಡಿಸಿದ ಕಂಪ್ಯೂಟರ್‌ನಲ್ಲಿ ಯಾರಾದರೂ ಅದನ್ನು ಹಾಕಿಕೊಟ್ಟಿದ್ದರೆ ‘ಮೀಡಿಯಾ ಫೀಚರ್ ಪ್ಯಾಕ್’ ಸೇರಿಸಿಕೊಳ್ಳಬೇಕು.

ಕೇಬಲ್: ಇಲ್ಲೇ ಹೆಚ್ಚು ಹೊತ್ತು ಕೊಡಿ

ನಾನು ನೋಡಿದ ತೊಂದರೆಗಳಲ್ಲಿ ಹೆಚ್ಚಿನವು ಕೇಬಲ್‌ನವೇ. ಕೇಬಲ್ ಹೊರಗಿನಿಂದ ಹೊಸದರಂತೆ ಕಂಡರೂ ಒಳಗೆ ತಂತಿ ಮುರಿದಿರಬಹುದು. ಹೀಗೆ ನೋಡಿ. ಡಿವೈಸ್ ಮ್ಯಾನೇಜರ್ ತೆರೆದಿಟ್ಟು, ಒಂದು ಕೈಯಲ್ಲಿ ಕ್ಯಾಮೆರಾ ಕಡೆಯ ಪ್ಲಗ್ ಹಿಡಿದು, ಇನ್ನೊಂದು ಕೈಯಲ್ಲಿ ಪ್ಲಗ್‌ನಿಂದ ಎರಡು ಇಂಚು ದೂರದಲ್ಲಿ ಕೇಬಲ್‌ಅನ್ನು ಮೆಲ್ಲಗೆ ಬಗ್ಗಿಸಿ. ಮೇಲೆ, ಕೆಳಗೆ, ಪಕ್ಕಕ್ಕೆ. ಕ್ಯಾಮೆರಾ ಹೆಸರು ಪಟ್ಟಿಯಿಂದ ಮಾಯವಾಗಿ ಮತ್ತೆ ಬಂದರೆ ಕೇಬಲ್ ಸತ್ತಿದೆ. ಕಂಪ್ಯೂಟರ್ ಕಡೆಯ ತುದಿಗೂ ಹೀಗೇ ಮಾಡಿ.

ಬೇರೆ ಕೇಬಲ್ ಹಾಕಿ ನೋಡುವಾಗ ಒಂದು ಎಚ್ಚರಿಕೆ. ಅಗ್ಗದ ಪವರ್ ಬ್ಯಾಂಕ್, ಟ್ರಿಮ್ಮರ್ ಜೊತೆ ಬರುವ ಕೆಲವು ಕೇಬಲ್‌ಗಳಲ್ಲಿ ಚಾರ್ಜಿಂಗ್ ತಂತಿ ಮಾತ್ರ ಇರುತ್ತದೆ, ಡೇಟಾ ತಂತಿ ಇರಲ್ಲ. ಅದನ್ನು ಹಾಕಿದರೆ ಕ್ಯಾಮೆರಾ ಚಾರ್ಜ್ ಆಗಬಹುದು, ಆದರೆ ಕಂಪ್ಯೂಟರ್‌ಗೆ ಎಂದೂ ಕಾಣಲ್ಲ. ಫೋನ್‌ನಿಂದ ಕಂಪ್ಯೂಟರ್‌ಗೆ ಫೋಟೋ ಕಾಪಿ ಆಗುವ ಕೇಬಲ್ ಅಂತ ಖಾತ್ರಿ ಮಾಡಿಕೊಂಡೇ ಬಳಸಿ. ಟೈಪ್-ಸಿ ಆದರೆ ಫೋನ್ ಚಾರ್ಜರ್ ಕೇಬಲ್‌ಗಳಲ್ಲಿ ಜಾಸ್ತಿ ಭಾಗ ಯುಎಸ್‌ಬಿ 2.0 ವೇಗದವು. ಕೆಲಸ ನಡೆಯುತ್ತದೆ, ನಿಧಾನ.

ನಿಕಾನ್ ಡಿ850, ಕ್ಯಾನನ್ 5ಡಿ ಮಾರ್ಕ್ 4 ಥರದ ಕ್ಯಾಮೆರಾಗಳಲ್ಲಿ ಅಗಲವಾದ, ಎರಡು ಭಾಗದ ಮೈಕ್ರೋ-ಬಿ ಪೋರ್ಟ್ ಇದೆ. ಅದರ ಕೇಬಲ್ ಕೆಟ್ಟರೆ ಹೊಸದು ಎಲ್ಲ ಅಂಗಡಿಯಲ್ಲೂ ಸಿಗಲ್ಲ. ಹಳೇ ಆಂಡ್ರಾಯ್ಡ್ ಫೋನಿನ ಮೈಕ್ರೋ ಯುಎಸ್‌ಬಿ ಡೇಟಾ ಕೇಬಲ್ ಇದೆಯಾ? ಆ ಪೋರ್ಟಿನ ದೊಡ್ಡ ಭಾಗಕ್ಕೆ ಅದು ಸರಿಯಾಗಿ ಕೂರುತ್ತದೆ. 2.0 ವೇಗದಲ್ಲಿ ಕೆಲಸ ಮಾಡುತ್ತದೆ. ಶೂಟಿಂಗ್ ನಡುವೆ ಇದು ನನ್ನನ್ನು ಎರಡು ಸಲ ಉಳಿಸಿದೆ.

ಉದ್ದದ ವಿಷಯಕ್ಕೆ ಬರೋಣ. ಯುಎಸ್‌ಬಿ 2.0 ಕೇಬಲ್ 5 ಮೀಟರ್‌ಗಿಂತ ಉದ್ದ ಇರಬಾರದು. ಯುಎಸ್‌ಬಿ 3.0 ಕೇಬಲ್ ಸುಮಾರು 3 ಮೀಟರ್ ದಾಟಿದರೆ ನಂಬಲಾಗದು. ಇನ್ನೂ ವೇಗದ 10 ಜಿಬಿಪಿಎಸ್ ಟೈಪ್-ಸಿ ಕೇಬಲ್‌ಗೆ 1 ಮೀಟರ್ ಆಸುಪಾಸೇ ಮಿತಿ. ಉದ್ದ ಸಾಲದು ಅಂತ ಎರಡು ಸಾದಾ ಕೇಬಲ್ ಜೋಡಿಸಿದರೆ ಅಲ್ಲೇ ತೊಂದರೆ ಶುರು. ಉದ್ದ ಬೇಕೇ ಬೇಕು ಅಂದರೆ ಒಳಗೆ ಸಿಗ್ನಲ್ ಬಲಪಡಿಸುವ ಚಿಪ್ ಇರುವ ಆಕ್ಟಿವ್ ಕೇಬಲ್ ಅಥವಾ ರಿಪೀಟರ್ ತೆಗೆದುಕೊಳ್ಳಿ. ಪರೀಕ್ಷೆಗೆ ಮಾತ್ರ ಯಾವಾಗಲೂ ಗಿಡ್ಡ ಕೇಬಲ್. 1 ಮೀಟರ್ ಕೇಬಲ್‌ನಲ್ಲಿ ಸರಿ ಇದ್ದು 5 ಮೀಟರ್‌ನಲ್ಲಿ ಕಡಿದು ಹೋದರೆ ಉತ್ತರ ನಿಮ್ಮ ಕೈಯಲ್ಲೇ ಇದೆ, ಅಲ್ವಾ?

ಟೈಪ್-ಸಿ ಪ್ಲಗ್ ಅನ್ನು ತಿರುವಿ ಹಾಕಿ ನೋಡೋದನ್ನೂ ಮರೆಯಬೇಡಿ. ಒಂದು ಕಡೆ ಹಾಕಿದರೆ ಕೆಲಸ ಮಾಡಿ, ತಿರುವಿದರೆ ಮಾಡದಿದ್ದರೆ ಪ್ಲಗ್ ಅಥವಾ ಪೋರ್ಟಿನ ಒಂದು ಸಾಲಿನ ಸಂಪರ್ಕ ಹೋಗಿದೆ, ಇಲ್ಲವೇ ಧೂಳು ಕೂತಿದೆ. ನಮ್ಮ ಹುಬ್ಬಳ್ಳಿ ಧೂಳು ಗೊತ್ತಲ್ಲ, ರಬ್ಬರ್ ಮುಚ್ಚಳದ ಒಳಗೂ ಹೋಗಿ ಕೂರುತ್ತದೆ. ಕ್ಯಾಮೆರಾ ಆಫ್ ಮಾಡಿ, ಬ್ಯಾಟರಿ ತೆಗೆದು, ರಬ್ಬರ್ ಬ್ಲೋವರ್‌ನಿಂದ ಗಾಳಿ ಹೊಡೆಯಿರಿ. ಬಾಯಿಂದ ಊದಬೇಡಿ, ಉಗುಳಿನ ತೇವ ಒಳಗೆ ಹೋಗುತ್ತದೆ. ಪಿನ್ನು, ಸೂಜಿ ಅಂತೂ ಬೇಡವೇ ಬೇಡ. ಪೋರ್ಟ್ ಕಿತ್ತರೆ ರಿಪೇರಿ ಖರ್ಚು ಹತ್ತು ಕೇಬಲ್‌ಗಿಂತ ಜಾಸ್ತಿ.

ಇನ್ನು ಜೋತು ಬೀಳುವ ಭಾರ. ಕೇಬಲ್ ನೇರವಾಗಿ ಪೋರ್ಟ್‌ನಿಂದ ನೇತಾಡಬಾರದು. ಕ್ಯಾನನ್, ನಿಕಾನ್‌ನ ಕೆಲವು ಮಾಡೆಲ್ ಜೊತೆ ಕೇಬಲ್ ಹಿಡಿಯುವ ಪ್ಲಾಸ್ಟಿಕ್ ಕ್ಲಿಪ್ ಡಬ್ಬಿಯಲ್ಲೇ ಬಂದಿರುತ್ತದೆ. ಹುಡುಕಿ ಹಾಕಿ. ಅದಿಲ್ಲದಿದ್ದರೆ ನಾನು ಮಾಡೋದು ಹೀಗೆ: ಪ್ಲಗ್‌ನಿಂದ ಒಂದು ಗೇಣು ಬಿಟ್ಟು ಕೇಬಲ್‌ಅನ್ನು ಸಡಿಲವಾಗಿ ಒಂದು ಸುತ್ತು ಸುತ್ತಿ, ಆ ಸುತ್ತನ್ನು ಟ್ರೈಪಾಡ್ ತಲೆಗೆ ವೆಲ್ಕ್ರೋ ಪಟ್ಟಿಯಿಂದ ಕಟ್ಟುತ್ತೇನೆ. ಯಾರಾದರೂ ಕೇಬಲ್ ತುಳಿದರೂ ಎಳೆತ ಟ್ರೈಪಾಡ್‌ಗೆ ಬೀಳುತ್ತದೆ, ಪೋರ್ಟ್‌ಗೆ ಬೀಳಲ್ಲ. ಕಟ್ಟಿದ ಮೇಲೆ ಕ್ಯಾಮೆರಾವನ್ನು ಅಡ್ಡಕ್ಕೂ ಉದ್ದಕ್ಕೂ ತಿರುಗಿಸಿ ಪ್ಲಗ್ ಅಲ್ಲಾಡುತ್ತಾ ನೋಡಿ. ಲ್ಯಾಪ್‌ಟಾಪ್ ಕಡೆಯೂ ಟೇಬಲ್ ಕಾಲಿಗೆ ಹೀಗೇ ಕಟ್ಟಿ. ನೆಲದ ಮೇಲಿನ ಕೇಬಲ್ ಕಣ್ಣಿಗೆ ಹೊಡೆಯುವ ಕಿತ್ತಳೆ ಅಥವಾ ಹಳದಿ ಬಣ್ಣದ್ದಾದರೆ ಒಳ್ಳೇದು. ಮದುವೆ ಮನೆಯವರು ಮಕ್ಕಳ ಜೊತೆ ಸ್ಟುಡಿಯೋಕ್ಕೆ ಬಂದಾಗ ಕಪ್ಪು ಕೇಬಲ್ ಯಾರ ಕಾಲಿಗಾದರೂ ಸಿಕ್ಕೇ ಸಿಗುತ್ತದೆ.

ಪೋರ್ಟ್, ಹಬ್, ಕರೆಂಟ್

ಕೇಬಲ್ ಸರಿ ಅಂತಾದರೆ ಕಂಪ್ಯೂಟರ್‌ನ ಬೇರೆ ಪೋರ್ಟ್‌ಗೆ ಹಾಕಿ. ಡೆಸ್ಕ್‌ಟಾಪ್ ಆದರೆ ಹಿಂದಿನ ಪೋರ್ಟ್ ಬಳಸಿ. ಅವು ಮದರ್‌ಬೋರ್ಡ್‌ನಲ್ಲೇ ಇರುತ್ತವೆ. ಮುಂದಿನವು ಕ್ಯಾಬಿನೆಟ್ ಒಳಗೆ ಇನ್ನೊಂದು ತಂತಿ ಹಾದು ಬಂದವು. ಒಂದು ಪೋರ್ಟ್‌ಅನ್ನು ಹಲವು ಮಾಡುವ ಯುಎಸ್‌ಬಿ ಹಬ್ ಇದ್ದರೆ ತೆಗೆದು ನೇರವಾಗಿ ಹಾಕಿ. ಯುಎಸ್‌ಬಿ 2.0 ಪೋರ್ಟ್ 500 ಮಿಲಿಆಂಪ್, 3.0 ಪೋರ್ಟ್ 900 ಮಿಲಿಆಂಪ್ ಕೊಡಬೇಕು ಅನ್ನೋದು ನಿಯಮ. ಪವರ್ ಇಲ್ಲದ ಹಬ್‌ನಲ್ಲಿ ಅದನ್ನೇ ಮೌಸ್, ಹಾರ್ಡ್ ಡಿಸ್ಕ್, ಕ್ಯಾಮೆರಾ ಎಲ್ಲ ಹಂಚಿಕೊಳ್ಳಬೇಕು. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಿರುಗಲು ಶುರು ಮಾಡಿದ ಕೂಡಲೇ ಕ್ಯಾಮೆರಾ ಕಡಿದು ಹೋದರೆ ಕಾರಣ ಇದೇ.

ಲ್ಯಾಪ್‌ಟಾಪ್‌ಅನ್ನು ಚಾರ್ಜರ್ ಮೇಲೇ ಇಡಿ. ಬ್ಯಾಟರಿ ಕಡಿಮೆಯಾದಾಗ ಅದು ಎಲ್ಲ ಕಡೆ ಪವರ್ ಉಳಿಸಲು ನೋಡುತ್ತದೆ. ಡೆಸ್ಕ್‌ಟಾಪ್ ಇದ್ದರೆ ಯುಪಿಎಸ್ ಇಲ್ಲದೆ ಟೆದರಿಂಗ್ ಮಾಡಲೇಬೇಡಿ. ಫೈಲ್ ಬರುತ್ತಿರುವಾಗ ಕರೆಂಟ್ ಹೋದರೆ ಅರ್ಧ ಫೈಲ್ ಉಳಿಯುತ್ತದೆ, ತೆರೆಯಲು ಬರಲ್ಲ. ಕ್ಯಾಮೆರಾ ಬ್ಯಾಟರಿ ಪೂರ್ತಿ ಚಾರ್ಜ್ ಇರಲಿ. ದಿನವಿಡೀ ಶೂಟ್ ಇದ್ದರೆ ಬ್ಯಾಟರಿ ಜಾಗದಲ್ಲಿ ಕೂತು ಗೋಡೆಯ ಕರೆಂಟ್ ಕೊಡುವ, ಎಸಿ ಅಡಾಪ್ಟರ್ ಇರುವ ಡಮ್ಮಿ ಬ್ಯಾಟರಿ ಒಳ್ಳೇದು.

ಲ್ಯಾಪ್‌ಟಾಪ್‌ನ ಲೋಹದ ಮೈ ಮುಟ್ಟಿದಾಗ ಬೆರಳು ಜುಮ್ ಅನ್ನುತ್ತದೆಯಾ? ಹಾಗಿದ್ದರೆ ಆ ಸಾಕೆಟ್‌ಗೆ ಅರ್ಥಿಂಗ್ ಸರಿ ಇಲ್ಲದಿರಬಹುದು. ಹಳೇ ಕಟ್ಟಡಗಳಲ್ಲಿ, ಎರಡು ಪಿನ್ ಕನ್ವರ್ಟರ್ ಹಾಕಿದಲ್ಲಿ ಇದು ಇದ್ದದ್ದೇ. ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಕ್ಯಾಮೆರಾಕ್ಕೂ ಒಳ್ಳೇದು, ನಿಮಗೂ ಒಳ್ಳೇದು. ಡಿಸೆಂಬರ್, ಜನವರಿಯ ಒಣ ಹವೆಯಲ್ಲಿ ರೇಷ್ಮೆ, ಪಾಲಿಯೆಸ್ಟರ್ ಬಟ್ಟೆ ಮಡಚಿ ಬಿಚ್ಚಿ ಮಾಡಿದ ಕೈಯಲ್ಲಿ ಸ್ಟ್ಯಾಟಿಕ್ ಇರುತ್ತದೆ. ಆ ಕೈಯಿಂದ ಕ್ಯಾಮೆರಾ ಮುಟ್ಟಿದಾಗ ಚುರ್ ಅಂತ ಕಿಡಿ ಹಾರಿ ಕನೆಕ್ಷನ್ ಹೋಗಬಹುದು. ಕ್ಯಾಮೆರಾ ಮುಟ್ಟುವ ಮುಂಚೆ ಕಿಟಕಿಯ ಕಬ್ಬಿಣ ಮುಟ್ಟಿ. ಫ್ಲಾಶ್ ಲೈಟಿನ ಪವರ್ ವೈರ್ ಜೊತೆ ಯುಎಸ್‌ಬಿ ಕೇಬಲ್ ಸುತ್ತಿಡಬೇಡಿ.

ಕ್ಯಾಮೆರಾ ಮೆನು

ಸೋನಿಯಲ್ಲಿ ಯುಎಸ್‌ಬಿ ಕನೆಕ್ಷನ್ ‘ಪಿಸಿ ರಿಮೋಟ್’ ಮೇಲೆ ಇರಬೇಕು. ‘ಮಾಸ್ ಸ್ಟೋರೇಜ್’ ಇದ್ದರೆ ಕಂಪ್ಯೂಟರ್‌ಗೆ ಅದು ಬರೀ ಪೆನ್ ಡ್ರೈವ್. ಟೈಪ್-ಸಿ ಕೇಬಲ್‌ನಲ್ಲಿ ತಕರಾರು ಇದ್ದರೆ ‘ಯುಎಸ್‌ಬಿ ಪವರ್ ಸಪ್ಲೈ’ ಆಫ್ ಮಾಡಿ ನೋಡಿ. ಫ್ಯೂಜಿಯಲ್ಲಿ ಕನೆಕ್ಷನ್ ಮೋಡ್ ಅನ್ನು ಟೆದರ್ ಶೂಟಿಂಗ್‌ಗೆ ಬದಲಿಸಬೇಕು. ಕ್ಯಾನನ್, ನಿಕಾನ್‌ನ ಡಿಎಸ್ಎಲ್ಆರ್‌ಗಳಲ್ಲಿ ಸಾಮಾನ್ಯವಾಗಿ ಏನೂ ಮಾಡಬೇಕಿಲ್ಲ. ಆದರೆ ವೈ-ಫೈ ಇರುವ ಕ್ಯಾನನ್ ಡಿಎಸ್ಎಲ್ಆರ್‌ಗಳಲ್ಲಿ ವೈ-ಫೈ ಆನ್ ಇದ್ದರೆ ಕೇಬಲ್ ಕನೆಕ್ಷನ್ ಆಗಲ್ಲ. ಹಿಂದಿನ ದಿನ ಫೋನ್‌ಗೆ ಫೋಟೋ ಕಳಿಸಿ ಆಫ್ ಮಾಡಲು ಮರೆತಿರುತ್ತೇವೆ, ಅಷ್ಟೇ.

ಎಲ್ಲ ಕಂಪನಿಯಲ್ಲೂ ಆಟೋ ಪವರ್ ಆಫ್ ನೋಡಿ. ಸೀರೆ ನೆರಿಗೆ ಸರಿಮಾಡಲು ಐದು ನಿಮಿಷ ಹಿಡಿದರೆ ಕ್ಯಾಮೆರಾ ನಿದ್ದೆ ಹೋಗುತ್ತದೆ, ಕನೆಕ್ಷನ್ ಕಡಿಯುತ್ತದೆ. 30 ನಿಮಿಷ ಇಡಿ, ಅಥವಾ ಪೂರ್ತಿ ಆಫ್ ಮಾಡಿ.

ಕ್ಯಾಮೆರಾವನ್ನು ಬೇರೆ ಪ್ರೋಗ್ರಾಂ ಹಿಡಿದಿಟ್ಟಿದೆಯಾ?

ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ಕ್ಯಾಮೆರಾ ಜೊತೆ ಮಾತಾಡಬಲ್ಲದು. ಕೇಬಲ್ ಹಾಕಿದ ಕೂಡಲೇ ಇಒಎಸ್ ಯುಟಿಲಿಟಿ ತಾನೇ ತೆರೆದುಕೊಂಡರೆ ಲೈಟ್‌ರೂಮ್‌ಗೆ ಕ್ಯಾಮೆರಾ ಸಿಗಲ್ಲ. ವಿಂಡೋಸ್‌ನ ಫೋಟೋಸ್, ಗೂಗಲ್ ಮೀಟ್‌ಗೆ ಅಂತ ಹಾಕಿದ ವೆಬ್‌ಕ್ಯಾಮ್ ಯುಟಿಲಿಟಿ, ಫೋಟೋ ತಾನೇ ಬ್ಯಾಕಪ್ ಮಾಡುವ ಪ್ರೋಗ್ರಾಂಗಳು, ಇವೆಲ್ಲ ಕ್ಯಾಮೆರಾ ಹಿಡಿದು ಕೂರುತ್ತವೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ನೋಡಿ ಮುಚ್ಚಿ. ಮ್ಯಾಕ್‌ನಲ್ಲಿ ಇಮೇಜ್ ಕ್ಯಾಪ್ಚರ್ ತೆರೆದು, ಈ ಕ್ಯಾಮೆರಾ ಹಾಕಿದಾಗ ಯಾವ ಪ್ರೋಗ್ರಾಂ ತೆರೆಯಬೇಕು ಅನ್ನುವಲ್ಲಿ ‘ನೋ ಅಪ್ಲಿಕೇಶನ್’ ಆರಿಸಿ. ಹೊಸ ಮ್ಯಾಕ್ ಲ್ಯಾಪ್‌ಟಾಪ್‌ಗಳು ಯುಎಸ್‌ಬಿ ಸಾಧನ ಹಾಕಿದಾಗ ಅನುಮತಿ ಕೇಳುತ್ತವೆ. ಅವಸರದಲ್ಲಿ ಬೇಡ ಅಂದಿದ್ದರೆ ಕೇಬಲ್ ತೆಗೆದು ಮತ್ತೆ ಹಾಕಿ, ‘ಅಲೋ’ ಕೊಡಿ. ಲಿನಕ್ಸ್‌ನಲ್ಲಿ ಡಾರ್ಕ್‌ಟೇಬಲ್ ಬಳಸುವವರು ಫೈಲ್ ಮ್ಯಾನೇಜರ್‌ನಲ್ಲಿ ಕ್ಯಾಮೆರಾ ಡ್ರೈವ್ ಥರ ಕಾಣುತ್ತಿದ್ದರೆ ಮೊದಲು ಅನ್‌ಮೌಂಟ್ ಮಾಡಬೇಕು.

ಆಮೇಲೂ ಲೈಟ್‌ರೂಮ್‌ಗೆ ಕಾಣದಿದ್ದರೆ ಕ್ಯಾಮೆರಾ ಕಂಪನಿಯ ಸ್ವಂತ ಸಾಫ್ಟ್‌ವೇರ್‌ನಲ್ಲಿ ನೋಡಿ. ಕ್ಯಾನನ್‌ಗೆ ಇಒಎಸ್ ಯುಟಿಲಿಟಿ, ನಿಕಾನ್‌ಗೆ ಎನ್ಎಕ್ಸ್ ಟೆದರ್, ಸೋನಿಗೆ ಇಮೇಜಿಂಗ್ ಎಡ್ಜ್ ಡೆಸ್ಕ್‌ಟಾಪ್, ಫ್ಯೂಜಿಗೆ ಎಕ್ಸ್ ಅಕ್ವೈರ್. ಎಲ್ಲ ಉಚಿತ. ಅದರಲ್ಲಿ ಸರಿಯಾಗಿ ನಡೆದರೆ ಕ್ಯಾಮೆರಾ, ಕೇಬಲ್, ಪೋರ್ಟ್ ಮೂರೂ ಚೆನ್ನಾಗಿವೆ ಅಂತಾಯಿತು. ನಿಮ್ಮ ಲೈಟ್‌ರೂಮ್ ಆವೃತ್ತಿ ಹಳೆಯದು, ಕ್ಯಾಮೆರಾ ಹೊಸದು ಅನ್ನೋದೇ ಆಗ ಸಾಮಾನ್ಯ ಕಾರಣ. ಸಾಫ್ಟ್‌ವೇರ್ ತಯಾರಿಸಿದವರ ಪಟ್ಟಿಯಲ್ಲಿ ನಿಮ್ಮ ಕ್ಯಾಮೆರಾ ಇದೆಯಾ ನೋಡಿ. ಅಪ್‌ಡೇಟ್ ಮಾಡಿ, ಆದರೆ ಶೂಟ್ ಇರುವ ದಿನ ಬೆಳಿಗ್ಗೆ ಮಾತ್ರ ಮಾಡಬೇಡಿ.

ನಡುನಡುವೆ ಕಡಿದು ಹೋಗುತ್ತಿದ್ದರೆ

ಕೇಬಲ್, ಕರೆಂಟ್ ಎಲ್ಲ ನೋಡಿ ಆಯಿತು, ಆದರೂ ಸ್ವಲ್ಪ ಹೊತ್ತು ಸುಮ್ನೆ ಬಿಟ್ಟಾಗ ಹೋಗುತ್ತದೆ ಅಂದರೆ ವಿಂಡೋಸ್ ಯುಎಸ್‌ಬಿ ಪೋರ್ಟ್‌ಅನ್ನು ಮಲಗಿಸುತ್ತಿದೆ.

1. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಷನ್ಸ್ ತೆರೆಯಿರಿ. ಬಳಸುತ್ತಿರುವ ಪ್ಲಾನ್‌ನ ಅಡ್ವಾನ್ಸ್‌ಡ್ ಸೆಟ್ಟಿಂಗ್‌ಗೆ ಹೋಗಿ.
2. ಯುಎಸ್‌ಬಿ ಸೆಟ್ಟಿಂಗ್ಸ್ ಒಳಗೆ ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ ಅನ್ನು ಡಿಸೇಬಲ್ ಮಾಡಿ.
3. ಡಿವೈಸ್ ಮ್ಯಾನೇಜರ್‌ನಲ್ಲಿ ಪ್ರತಿ ‘ಯುಎಸ್‌ಬಿ ರೂಟ್ ಹಬ್’ ತೆರೆದು, ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ಪವರ್ ಉಳಿಸಲು ಈ ಸಾಧನ ಆಫ್ ಮಾಡಬಹುದು ಅನ್ನುವ ಟಿಕ್ ತೆಗೆಯಿರಿ.
4. ರೀಸ್ಟಾರ್ಟ್ ಮಾಡಿ.

ಆಮೇಲೆ ಪರೀಕ್ಷೆ. ನನ್ನ ಹತ್ತಿರ ಇದಕ್ಕೆ ಅಂತಲೇ ಕಸೂತಿ ಹಾಕಿದ ಒಂದು ತುಂಡು ಬಟ್ಟೆ ಇದೆ. ಅದನ್ನು ಗೋಡೆಗೆ ಹಚ್ಚಿ, 20 ಫೋಟೋ ತೆಗೆದು, ಹತ್ತು ನಿಮಿಷ ಬಿಟ್ಟು, ಮತ್ತೆ 20 ತೆಗೆಯುತ್ತೇನೆ. ಪರದೆಯಲ್ಲಿ 100 ಪರ್ಸೆಂಟ್ ದೊಡ್ಡದು ಮಾಡಿದಾಗ ಕಸೂತಿಯಲ್ಲಿ ಮೆಟ್ಟಿಲಿನಂತೆ ಹಾಕುವ ಮುರ್ಗಿ ಹೊಲಿಗೆಯ ಪ್ರತಿ ಮೆಟ್ಟಿಲೂ ಬಿಡಿಯಾಗಿ ಕಾಣಬೇಕು. ಕನೆಕ್ಷನ್ ಜೊತೆ ಫೋಕಸ್ ಪರೀಕ್ಷೆಯೂ ಆಗುತ್ತದೆ. 40ಕ್ಕೆ 40 ಬಂದರೆ ಮಾತ್ರ ಗ್ರಾಹಕರ ಸೀರೆ ಬಿಚ್ಚೋದು.

ಕನೆಕ್ಟ್ ಆಗಿದೆ, ಫೋಟೋ ಮಾತ್ರ ಬರ್ತಿಲ್ಲ

ಸೇವ್ ಆಗುವ ಜಾಗ ನೋಡಿ. ಡಿಸ್ಕ್ ತುಂಬಿದೆಯಾ, ಹೋದ ಸಲ ಬಳಸಿದ ಎಕ್ಸ್‌ಟರ್ನಲ್ ಡಿಸ್ಕ್ ಇವತ್ತು ಹಾಕಿಲ್ಲವಾ? ಫೋಲ್ಡರ್ ಒನ್‌ಡ್ರೈವ್ ಒಳಗೆ ಇದ್ದರೆ ಹೊರಗೆ ತನ್ನಿ. ವಿಂಡೋಸ್ ಸೆಕ್ಯುರಿಟಿಯಲ್ಲಿ ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’ ಆನ್ ಇದ್ದರೆ ಅದು ಬರೆಯಲು ಬಿಡಲ್ಲ.

ಬರುತ್ತಿದೆ, ಆದರೆ ನಿಧಾನ ಅಂದರೆ ಫೈಲ್ ಗಾತ್ರ ನೋಡಿ. ಸೋನಿಯಲ್ಲಿ ರಾ (ಪೂರ್ತಿ ಮಾಹಿತಿ ಇರುವ ದೊಡ್ಡ ಫೈಲ್), ಜೆಪೆಗ್ (ಕುಗ್ಗಿಸಿದ ಸಣ್ಣ ಫೈಲ್) ಎರಡನ್ನೂ ಒಟ್ಟಿಗೆ ತೆಗೆದು, ಕಂಪ್ಯೂಟರ್‌ಗೆ ಜೆಪೆಗ್ ಮಾತ್ರ ಕಳಿಸುವ ಆಯ್ಕೆ ಇದೆ. ರಾ ಫೈಲ್ ಕಾರ್ಡ್‌ನಲ್ಲೇ ಉಳಿಯುತ್ತದೆ. ಗ್ರಾಹಕರಿಗೆ ತೋರಿಸಲು ಅಷ್ಟು ಸಾಕು.

ಲೈಟ್‌ರೂಮ್ ಹಟ ಹಿಡಿದರೆ ಬಳಸು ದಾರಿ ಒಂದಿದೆ. ಕಂಪನಿಯ ಸಾಫ್ಟ್‌ವೇರ್‌ನಲ್ಲಿ ಫೋಟೋ ಒಂದು ಫೋಲ್ಡರ್‌ಗೆ ಬರಲಿ. ಲೈಟ್‌ರೂಮ್ ಕ್ಲಾಸಿಕ್‌ನ ಫೈಲ್ ಮೆನುವಿನಲ್ಲಿ ‘ಆಟೋ ಇಂಪೋರ್ಟ್’ ಸೆಟ್ಟಿಂಗ್ ತೆರೆದು ಅದೇ ಫೋಲ್ಡರ್ ತೋರಿಸಿ. ತೋರಿಸುವಾಗ ಫೋಲ್ಡರ್ ಖಾಲಿ ಇರಬೇಕು, ಇಲ್ಲದಿದ್ದರೆ ಒಪ್ಪಲ್ಲ. ಒಳಗಿನ ಸಬ್‌ಫೋಲ್ಡರ್‌ಗಳನ್ನು ಅದು ನೋಡಲ್ಲ. ಹಾಗಾಗಿ ತಾರೀಖಿನ ಸಬ್‌ಫೋಲ್ಡರ್ ತಾನೇ ಮಾಡುವ ಆಯ್ಕೆ ಇದ್ದರೆ ಆಫ್ ಮಾಡಿ. ನಾನು ಎಷ್ಟೋ ದಿನ ಇದೇ ದಾರಿಯಲ್ಲಿ ಕೆಲಸ ಮಾಡಿದ್ದೇನೆ. ನೇರ ಟೆದರಿಂಗ್‌ಗಿಂತ ಇದೇ ಗಟ್ಟಿ ಅಂತ ನನಗೆ ಅನಿಸಿದೆ.

ಬೇರೆ ಕ್ಯಾಮೆರಾ ಅದೇ ಕೇಬಲ್, ಅದೇ ಕಂಪ್ಯೂಟರ್‌ನಲ್ಲಿ ಸರಿ ನಡೆದು, ನಿಮ್ಮ ಕ್ಯಾಮೆರಾ ಎರಡು ಕಂಪ್ಯೂಟರ್‌ನಲ್ಲೂ ನಡೆಯದಿದ್ದರೆ ಪೋರ್ಟ್ ಹೋಗಿದೆ. ಸರ್ವಿಸ್ ಸೆಂಟರ್‌ಗೆ ಕೊಡಿ. ಕೊಡುವಾಗ ಯಾವ ಕೇಬಲ್, ಯಾವ ಕಂಪ್ಯೂಟರ್‌ನಲ್ಲಿ ಏನಾಯಿತು ಅಂತ ಚೀಟಿಯಲ್ಲಿ ಬರೆದು ಕೊಡಿ.

ನನ್ನ ಡ್ರಾಯರ್‌ನಲ್ಲಿ ಈಗ ಮೂರು ಕೇಬಲ್ ಇರುತ್ತವೆ: ಬಳಸುವುದು ಒಂದು, ಅಂಥದ್ದೇ ಹೊಸದು ಒಂದು, ಪರೀಕ್ಷೆಗೆ 1 ಮೀಟರ್‌ನದು ಒಂದು. ಪ್ರತಿಯೊಂದಕ್ಕೂ ಕೊಂಡ ತಿಂಗಳು ಬರೆದ ಚೀಟಿ ಅಂಟಿಸಿದ್ದೇನೆ. ಕೆಟ್ಟದ್ದು ಅಂತ ಗೊತ್ತಾದ ಕೇಬಲ್‌ನ ಪ್ಲಗ್‌ಅನ್ನು ಅಲ್ಲೇ ಕತ್ತರಿಸುತ್ತೇನೆ. ಹಾಗೇ ಇಟ್ಟರೆ ಮುಂದಿನ ಅವಸರದಲ್ಲಿ ಅದೇ ಕೈಗೆ ಬರುತ್ತದೆ.